ಕಂಬುಕಾ ಮರಕ್ಕೆ ಜಾಮೀನು

ಬೆಲ್ಮೀರಾ ಬಸ್ಸಿನಲ್ಲಿ ಮಾತಾಡದೆ ಕೂತಿದ್ದಾಳೆಂದರೆ ಅವಳ ದವಡೆಯಲ್ಲಿ ಯಾವುದೋ ಹಣ್ಣಿನ ಬೀಜ ಇದೆ ಎಂದೇ ಅರ್ಥ. ಸಾಂತ ಒಲೀವಿಯಾ ಊರಿನ ಕಂಡಕ್ಟರುಗಳಿಗೆಲ್ಲ ಇದು ಗೊತ್ತಿತ್ತು. ಬೇರೆ ದಿನಗಳಲ್ಲಿ ಹತ್ತಿದ ಕೂಡಲೇ ಡ್ರೈವರನ ಹೊಟ್ಟೆಯಿಂದ ಹಿಡಿದು ಮೇಯರನ ಹೆಂಡತಿಯ ಟೋಪಿಯವರೆಗೆ ಎಲ್ಲದರ ಮೇಲೂ ಒಂದೊಂದು ಮಾತು ಬಿಸಾಡುವವಳು ಅವಳು. ಆದರೆ ಯಾವುದೋ ಮದುವೆಗೋ ಸತ್ತವರ ಏಳನೇ ದಿನದ ಪೂಜೆಗೋ ಹೋದಲ್ಲಿ, ಆ ಮನೆಯ ಹಿತ್ತಲಲ್ಲಿ ತನ್ನಲ್ಲಿಲ್ಲದ ಹಣ್ಣೊಂದು ಕಣ್ಣಿಗೆ ಬಿದ್ದರೆ ಮುಗಿಯಿತು. ಕೇಳಿ ಒಂದು ತಿನ್ನುವಳು, ಬೀಜವನ್ನು ಉಗುಳದೆ ಕೆನ್ನೆಯೊಳಗೆ ಇಟ್ಟುಕೊಳ್ಳುವಳು. ಈ ಜಾತಿಯ ಬೀಜಗಳು ಒಣಗಿದರೆ ಸತ್ತವು. ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕಿದರೆ ಮನೆ ಮುಟ್ಟುವಷ್ಟರಲ್ಲಿ ಕೈಗೆ ಸಿಗುವುದು ಬರೀ ಕಲ್ಲು. ಹಾಗಾಗಿ ಬಸ್ಸು ಗುಡ್ಡ ಹತ್ತಿ ಗುಡ್ಡ ಇಳಿದು ಚರ್ಚಿನ ಮುಂದೆ ನಿಲ್ಲುವವರೆಗೂ ಬೆಲ್ಮೀರಾ ಬಾಯಿಗೆ ಬೀಗ. ಇಡೀ ಬಸ್ಸು ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

ಊರ ಶಾಲೆಯ ಅಡುಗೆಮನೆಯಲ್ಲಿ ತಲೆ ನರೆಯುವವರೆಗೆ ಮಕ್ಕಳಿಗೆ ಅನ್ನ, ಕಾಳಿನ ಸಾರು ಮಾಡಿ ಬಡಿಸಿದವಳು ಅವಳು. ಗಂಡ ರೈಲ್ವೆಯಲ್ಲಿದ್ದ, ಬೇಗ ಹೋಗಿಬಿಟ್ಟ. ಉಳಿದದ್ದು ಹೆಂಚಿನ ಮನೆ, ಲುಸಿಮಾರ್ ಎಂಬ ಒಬ್ಬಳೇ ಮಗಳು, ಮತ್ತು ಹೊಳೆಯ ಕಡೆಗೆ ಜಾರಿಕೊಂಡು ಹೋಗುವ ಇಳಿಜಾರು ಹಿತ್ತಲು. ಆ ಹಿತ್ತಲಲ್ಲಿ ಬಾಳೆಯಾಗಲಿ ಕಿತ್ತಳೆಯಾಗಲಿ ಒಂದೂ ಇರಲಿಲ್ಲ. ಯಾರಾದರೂ ಕೇಳಿದರೆ, "ಅಂಗಡೀಲಿ ಸಿಗೋ ಹಣ್ಣನ್ನ ನಾನ್ಯಾಕೆ ಬೆಳೀಲಿ? ಅಂಗಡಿಯವನ ಹೆಂಡ್ತಿ ಮಕ್ಕಳು ಏನ್ ತಿನ್ಬೇಕು?" ಅನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಅಂಗಡಿಯ ಮುಖ ನೋಡದ ಹಣ್ಣುಗಳು. ಮುಟ್ಟಿದರೆ ನಲುಗುವ, ಬುಟ್ಟಿಗೆ ಹಾಕಿದರೆ ಸಂಜೆಯೊಳಗೆ ಕೆಡುವ, ಮರದ ಬುಡದಲ್ಲಿ ನಿಂತವರಿಗೆ ಮಾತ್ರ ದಕ್ಕುವ ಹಣ್ಣುಗಳು. ಮೈತುಂಬ ರೋಮವಿರುವ ಹಳದಿ ಕಬೆಲುದೀನ್ಯ. ತಲೆಯ ಮೇಲೆ ಪುಟ್ಟ ಕಿರೀಟ ಇಟ್ಟುಕೊಂಡ ಕರಿ ಗ್ರುಮಿಶಾಮ. ಮೂರು ಮನೆಯಾಚೆಗೂ ಘಮ್ಮೆನ್ನುವ ಉವಾಯ. ಅಜ್ಜಿಯರ ಕಾಲದಲ್ಲಿ ಮನೆಮನೆಯಲ್ಲೂ ಇದ್ದವಂತೆ ಇವೆಲ್ಲ. ಈಗ ಹಿತ್ತಲುಗಳಿಗೆಲ್ಲ ಸಿಮೆಂಟು ಬಿದ್ದಿದೆ, ಅದರ ಮೇಲೆ ಕಾರು ನಿಂತಿದೆ.

ಜಬುತಿಕಾಬ ಮಾತ್ರ ನಮ್ಮ ಬೀದಿಯಲ್ಲಿ ಇನ್ನೂ ಹಲವರ ಹಿತ್ತಲಲ್ಲಿದೆ. ಆದರೂ ಮೊದಲ ಮಳೆ ಬಿದ್ದು ಕಾಂಡಕ್ಕೆ ಕಾಂಡವೇ ಕರಿ ಗೋಲಿಗಳಿಂದ ಮುಚ್ಚಿಹೋದಾಗ ಬೀದಿಯ ಅರ್ಧ ಜನ ಬೆಲ್ಮೀರಾಳ ಮರದ ಕೆಳಗೇ ಬಂದು ಕೂರುತ್ತಿದ್ದರು. ಹಣ್ಣಿನ ಜೊತೆ ಅವಳ ಬೈಗುಳವೂ ಸಿಗುತ್ತಿತ್ತಲ್ಲ. ಆಸೆಬುರುಕರು ಬೀಜ ಸಮೇತ ನುಂಗುವುದನ್ನು ಕಂಡರೆ, "ನುಂಗು ನುಂಗು, ಬುಧವಾರದವರೆಗೂ ಕಕ್ಕಸಿನಲ್ಲೇ ಕೂತಿರ್ತೀಯ. ಪೇಪರ್ ಅಲ್ಲೇ ತಂದ್ಕೊಡ್ತೀನಿ," ಅನ್ನುವಳು.

ಅವಳ ಹಿತ್ತಲಿಗೆ ನಾಲಿಗೆ ಅಂತ ಇದ್ದದ್ದು ಪಕ್ಕದ ಮನೆಯ ಕುಸ್ತೋಡಿಯಾ. ಲುಸಿಮಾರ್‌ಗೆ ಜ್ಞಾನಸ್ನಾನ ಮಾಡಿಸಿದ ದಿನ ಮಗುವನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ಅವಳೇ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಅದು ಒಡಹುಟ್ಟಿಗಿಂತ ಗಟ್ಟಿಯಾದ ನಂಟು. ಒಡಹುಟ್ಟನ್ನು ದೇವರು ಕೊಡುತ್ತಾನೆ, ಕೊಮಾದ್ರೆಯನ್ನು ನಾವೇ ಆರಿಸಿಕೊಂಡಿರುತ್ತೇವೆ. ಕುಸ್ತೋಡಿಯಾ ಕೈಯಲ್ಲಿ ಒಂದು ಗಿಡವೂ ಬದುಕುತ್ತಿರಲಿಲ್ಲ, ಕಳ್ಳಿಯನ್ನೂ ಕೊಳೆಸಿದವಳು. ಆದರೆ ಯಾವ ಹೊಸ ಮರ ಮೊದಲ ಹಣ್ಣು ಬಿಟ್ಟರೂ ತೀರ್ಪು ಅವಳದ್ದೇ. ಕಣ್ಣು ಮುಚ್ಚಿ, ಬಾಯಿ ಆಡಿಸಿ, ಬೆಲ್ಮೀರಾಳನ್ನು ಚೆನ್ನಾಗಿ ಕಾಯಿಸಿ ಆಮೇಲೆ ಹೇಳುವಳು. ಉವಾಯ ತಿಂದ ದಿನ ಹೇಳಿದ್ದು ಇಡೀ ಬೀದಿಗೆ ಬಾಯಿಪಾಠವಾಗಿತ್ತು.

"ಇದು ನಮ್ಮತ್ತೆ ಥರ. ದೂರದಿಂದ ಘಮ್ಮಂತ ಇರುತ್ತೆ. ಹತ್ರ ಹೋದ್ಮೇಲೆ ಹುಳಿ ಗೊತ್ತಾಗೋದು."

ಇಂಥ ಹಿತ್ತಲಲ್ಲಿ ಹದಿನಾರು ವರ್ಷದಿಂದ ಒಂದೇ ಒಂದು ಹಣ್ಣು ಬಿಡದೆ ನಿಂತಿದ್ದದ್ದು ಕಂಬುಕಾ. ಅದು ಬಂದ ಕಥೆಯೇ ಬೇರೆ. ಕುಸ್ತೋಡಿಯಾಳ ಗಂಡ ಆರ್ಲಿಂದೊ ಆಗ ಲಾರಿ ಓಡಿಸುತ್ತಿದ್ದ. ಒಮ್ಮೆ ಸಮುದ್ರದ ಕಡೆಯಿಂದ ಬರುವಾಗ ಯಾರೋ ಮುದುಕನ ಹಿತ್ತಲಿನ ಕಂಬುಕಾ ಹಣ್ಣೊಂದನ್ನು ಟೋಪಿಯಲ್ಲಿಟ್ಟುಕೊಂಡು ಜೋಪಾನವಾಗಿ ತಂದ. ಇಬ್ಬರೂ ಹೆಂಗಸರು ಹಂಚಿಕೊಳ್ಳಲಿ ಎಂದೇ ತಂದದ್ದು. ಬೆಳಿಗ್ಗೆ ಕುಸ್ತೋಡಿಯಾ ಗೋಡೆಯ ಮೇಲಿನಿಂದ ಕೈ ಚಾಚಿದಳು. ಅಂಗೈಯಲ್ಲಿ ನುಣ್ಣಗೆ ನೆಕ್ಕಿದ ಒಂದು ಬೀಜ.

"ತಗೋ ಕೊಮಾದ್ರೆ, ನಿನ್ ಪಾಲು."

"ಹಣ್ಣೆಲ್ಲೇ?"

"ಒಂದು ಕಚ್ಚು ನೋಡೋಣ ಅಂತ ಹೊರಟೆ. ವಾಪಸ್ ಬರೋಕಾಗ್ಲಿಲ್ಲ."

"ನಂಗೆ ಬೀಜ ಮಾತ್ರನಾ?"

"ನೀನು ನೆಡೋಳು, ನಾನು ತಿನ್ನೋಳು. ಇಷ್ಟು ವರ್ಷ ಹಂಗೇ ತಾನೆ ನಡ್ಕೊಂಡು ಬಂದಿರೋದು."

ಬೆಲ್ಮೀರಾ ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಬೀಜವನ್ನು ನೆಟ್ಟಳು. ಹಿತ್ತಲಲ್ಲಿ ಇದ್ದ ಒಂದೇ ಸಮತಟ್ಟಾದ ಜಾಗದಲ್ಲಿ ನೆಟ್ಟಳು, ಬಟ್ಟೆ ಒಗೆದ ನೀರು ಹರಿದು ಹೋಗುವ ಕಡೆ. ಗಿಡ ಮರವಾಯಿತು. ತೆಳು ಸಿಪ್ಪೆ ಸುಲಿಯುವ ನುಣುಪಾದ ಕಾಂಡ, ಕೆಳಗೆ ಬಾಗಿದ ಉದ್ದ ಎಲೆ, ಚಿಗುರು ಬಂದಾಗ ಎಳೆಗೂಸಿನ ಅಂಗಾಲಿನ ಬಣ್ಣ. ಎಲ್ಲ ಇತ್ತು, ಹಣ್ಣು ಮಾತ್ರ ಇರಲಿಲ್ಲ. "ಅದರ ರುಚಿ ಹೆಂಗಿತ್ತೇ?" ಎಂದು ಬೆಲ್ಮೀರಾ ಆಗಾಗ ಕೇಳುವಳು. ಕುಸ್ತೋಡಿಯಾ ಒಂದು ವರ್ಷ ಮಾವಿನ ಹಾಗೆ ಅಂದಳು, ಇನ್ನೊಂದು ವರ್ಷ ಜೇನು ಹಾಕಿದ ಪರಂಗಿ ಅಂದಳು, ಮತ್ತೊಮ್ಮೆ ಏನೂ ತೋಚದೆ, "ಬಾಯಿಗೆ ಬಿಸಿಲು ಬಿದ್ದಂಗೆ," ಅಂದುಬಿಟ್ಟಳು. ಇದನ್ನೆಲ್ಲ ಕೇಳಿ ಕೇಳಿ ಬೆಲ್ಮೀರಾಗೆ ಹಟ ಹೆಚ್ಚಿತು. ಸಾಯುವುದರೊಳಗೆ ಆ ಹಣ್ಣನ್ನು ತಿನ್ನದೆ ಬಿಡಬಾರದು ಅಂದುಕೊಂಡಳು.

ಬಂಜೆಯಾಗಿ ನಿಂತ ಮರವನ್ನು ಹೆದರಿಸಿ ಹಣ್ಣು ಬಿಡಿಸುವ ಪದ್ಧತಿ ನಮ್ಮಲ್ಲಿದೆ. ನಮಗೆ ಚಳಿಗಾಲವಾದ ಜೂನ್ ತಿಂಗಳಲ್ಲಿ ಸಂತ ಯೋವಾನ್ನರ ಹಬ್ಬದ ಹಿಂದಿನ ಸಂಜೆ, ಬೆಂಕಿ ಹಾಕುವ ಮೊದಲು, ಒಬ್ಬರು ಕೊಡಲಿ ಹಿಡಿದು ಮರದ ಮುಂದೆ ನಿಲ್ಲುತ್ತಾರೆ. "ಈ ಸೋಮಾರಿಗೆ ನೀರು ಹಾಕಿ ಸಾಕಾಯ್ತು, ಇವತ್ತು ಕಡಿದು ಒಲೆಗೆ ಹಾಕ್ತೀನಿ," ಎಂದು ಅಬ್ಬರಿಸಿ ಕೊಡಲಿ ಎತ್ತುತ್ತಾರೆ. ಇನ್ನೊಬ್ಬರು ಓಡಿ ಬಂದು ಮರವನ್ನು ತಬ್ಬಿ, "ಬೇಡಪ್ಪ, ಕಡೀಬೇಡ, ಈ ವರ್ಷ ಹಣ್ಣು ಕೊಡುತ್ತೆ, ನಾನು ಜಾಮೀನು," ಎನ್ನಬೇಕು. ಕೊಡಲಿ ಇಳಿಯುತ್ತದೆ, ಎಲ್ಲರೂ ಕೈ ತಟ್ಟುತ್ತಾರೆ, ಶುಂಠಿ ಹಾಕಿ ಕಾಯಿಸಿದ ಕಬ್ಬಿನ ಸಾರಾಯಿ ಸುತ್ತು ಬರುತ್ತದೆ. ಮರ ಹಣ್ಣು ಬಿಟ್ಟರೆ ಮೊದಲನೆಯದು ಜಾಮೀನು ನಿಂತವರಿಗೆ. ಮರ ನೆಟ್ಟವರು ಮಾತ್ರ ಜಾಮೀನು ನಿಲ್ಲುವಂತಿಲ್ಲ. ಯಾರೂ ಜಾಮೀನು ನಿಲ್ಲದಿದ್ದರೆ ಮರವನ್ನು ಕಡಿಯಲೇಬೇಕು. ಇಲ್ಲವಾದರೆ ಹಿತ್ತಲಿನ ಉಳಿದ ಮರಗಳಿಗೂ ಭಯ ಹೋಗಿ ಎಲ್ಲವೂ ಹಾಳಾಗುತ್ತವಂತೆ. ಹಾಗೆ ನಿಜವಾಗಿ ಮರ ಕಡಿದದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ. ಜಾಮೀನಿಗೆ ಯಾರಾದರೂ ಇದ್ದೇ ಇರುತ್ತಾರೆ. ಕಂಬುಕಾಕ್ಕೆ ವರ್ಷವರ್ಷವೂ ಆರ್ಲಿಂದೊ ಕೊಡಲಿ ಎತ್ತುತ್ತಿದ್ದ, ಕುಸ್ತೋಡಿಯಾ ಕಣ್ಣಿಗೆ ಕರವಸ್ತ್ರ ಒತ್ತಿ ಅಳುವವಳಂತೆ ನಟಿಸಿ ಜಾಮೀನು ನಿಲ್ಲುತ್ತಿದ್ದಳು. ಮರ ಇಬ್ಬರಿಗೂ ಕ್ಯಾರೇ ಅನ್ನುತ್ತಿರಲಿಲ್ಲ.

ಮರ ನೆಟ್ಟ ಹದಿನಾರನೆಯ ವರ್ಷ ಲುಸಿಮಾರ್‌ಗೆ ಮದುವೆ ಗೊತ್ತಾಯಿತು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳಿಗೆ ಮೂವತ್ತು ದಾಟಿತ್ತು, ಬೆಲ್ಮೀರಾ ಆಸೆ ಬಿಟ್ಟಿದ್ದಳು. ಅಷ್ಟರಲ್ಲಿ ದಕ್ಷಿಣದ ಸೀಮೆಯಿಂದ ಟೈಲ್ಸ್ ಹಾಕುವ ಕೆಲಸಕ್ಕೆ ಬಂದಿದ್ದ ವಾಂದರ್ಲೆ ತಲೆನೋವಿನ ಮಾತ್ರೆಗೆಂದು ಬಂದು, ದಿನಾ ತಲೆನೋವು ತಂದುಕೊಂಡು, ಕೊನೆಗೆ ಹುಡುಗಿಯನ್ನೇ ಕೇಳಿದ. ಮದುವೆ ಮುಂದಿನ ಮೇ ತಿಂಗಳಿಗೆಂದಾಯಿತು. ನಮ್ಮ ಕಡೆ ಹೊಸ ಜೋಡಿಗೆ ತಾಯಿಯ ಹಿತ್ತಲಲ್ಲೇ ಒಂದು ಕೋಣೆ, ಒಂದು ಅಡುಗೆಮನೆ ಎಬ್ಬಿಸಿಕೊಡುವುದು ರೂಢಿ. ಆದರೆ ಬೆಲ್ಮೀರಾಳ ಹಿತ್ತಲಲ್ಲಿ ಪಾಯ ತೋಡುವಂಥ ಜಾಗ ಇದ್ದದ್ದು ಒಂದೇ, ಅಲ್ಲಿ ಕಂಬುಕಾ ನಿಂತಿತ್ತು. ಹೆಂಚಿನ ಹಳೇ ಮನೆಯ ಮೇಲೆ ಏನನ್ನೂ ಹೊರಿಸುವಂತಿರಲಿಲ್ಲ. ಲುಸಿಮಾರ್ ತಾಯಿಗೆ ಒಂದು ಮಾತೂ ಹೇಳಲಿಲ್ಲ. ಸುಮ್ಮನೆ ಭಾನುವಾರಗಳಲ್ಲಿ ಪಕ್ಕದ ಪಟ್ಟಣಕ್ಕೆ ಬಾಡಿಗೆ ಮನೆ ನೋಡಲು ಹೋಗತೊಡಗಿದಳು. ಮರ ಉಳಿದರೆ ಮಗಳು ಊರು ಬಿಡಬೇಕು, ಮಗಳು ಉಳಿದರೆ ಮರ ಹೋಗಬೇಕು. ಬೆಲ್ಮೀರಾಗೆ ಎರಡೂ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ, ಹಣ್ಣಿನ ಚಪಲಕ್ಕೆ ಮಗಳನ್ನು ಓಡಿಸಿದಳು ಅಂದಾರು ಎಂದು.

ಆ ವರ್ಷ ಹಬ್ಬದ ಸಂಜೆ ಹಿತ್ತಲಲ್ಲಿ ಜನ ಸೇರಿದ್ದರು. ಚಳಿ, ಜೋಳದ ರೊಟ್ಟಿಯ ವಾಸನೆ, ಹಚ್ಚಲು ಸಿದ್ಧವಾದ ಸೌದೆ ರಾಶಿ. ಆರ್ಲಿಂದೊಗೆ ಭುಜ ಹಿಡಿದುಕೊಂಡಿತ್ತು. ಕೊಡಲಿಯನ್ನು ವಾಂದರ್ಲೆಯ ಕೈಗೆ ಕೊಟ್ಟು, "ಹೋಗು ಅಳಿಯಂದ್ರೆ, ಇವತ್ತು ನಿನ್ನ ಸರದಿ. ಜೋರಾಗಿ ಬೈದು ಎತ್ತು," ಅಂದ. ಇದು ಆಟ ಎಂದು ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮಳೆ ಬಂದರೆ ನೆನೆಯುತ್ತೀಯ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ವಾಂದರ್ಲೆಯ ಊರಿನಲ್ಲಿ ಮರ ಕಡಿಯುವವರು ಕಡಿಯುತ್ತಾರೆ, ಕಡಿಯದವರು ಸುಮ್ಮನಿರುತ್ತಾರೆ. ಆದರೂ ಅತ್ತೆಯನ್ನು ಮೆಚ್ಚಿಸಬೇಕು ಎಂಬ ಉಮೇದಿನಲ್ಲಿ ಅವನು ಹೇಳಿಕೊಟ್ಟಂತೆ ಅಬ್ಬರಿಸಿದ, ಕೊಡಲಿ ಎತ್ತಿದ.

ಎಲ್ಲರೂ ಕುಸ್ತೋಡಿಯಾಳ ಕಡೆ ನೋಡಿದರು. ಅವಳು ಕೈಕಟ್ಟಿ ನಿಂತಿದ್ದಳು.

"ನಾನು ನಿಲ್ಲಲ್ಲ," ಅಂದಳು.

"ಏನಂದೆ?" ಬೆಲ್ಮೀರಾ ತನ್ನ ಕಿವಿಯನ್ನೇ ನಂಬಲಿಲ್ಲ.

"ವರ್ಷ ವರ್ಷ ಬಾಯಿಮಾತಿಗೆ ಜಾಮೀನು ನಿಂತು ನಿಂತು ನಂಗೆ ಮುಖ ಇಲ್ದಂಗಾಗಿದೆ. ನನ್ ಮಗಳಂಥೋಳು ಬೇರೆ ಊರಲ್ಲಿ ಬಾಡಿಗೆ ಮನೆ ಹುಡುಕ್ತಿದಾಳೆ. ಇನ್ನೂ ಆಟ ಆಡ್ತಾ ಕೂತ್ಕೊಳ್ಳಾ? ಕಡಿಯೋದಾದ್ರೆ ಕಡೀರಿ."

ಜನ ನಕ್ಕರು, ಆಮೇಲೆ ನಗು ಅರ್ಧಕ್ಕೆ ನಿಂತಿತು. ಕೊಡಲಿ ಎತ್ತಿ ಹಿಡಿದು ಕೈ ನೋಯುತ್ತಿದ್ದ ವಾಂದರ್ಲೆಗೆ ಕೇಳಿಸಿದ್ದು "ಕಡೀರಿ" ಎಂಬ ಒಂದೇ ಮಾತು. ದೊಡ್ಡವರು ಅಪ್ಪಣೆ ಕೊಟ್ಟರಲ್ಲ ಎಂದು ಅವನು ಕೊಡಲಿಯನ್ನು ಇಳಿಸಿಯೇಬಿಟ್ಟ. ಏಟು ಕಾಂಡಕ್ಕೆ ಓರೆಯಾಗಿ ಬಿದ್ದು ಸಿಪ್ಪೆಯ ಒಂದು ಚಕ್ಕೆ ಹಾರಿತು. ಬೆಲ್ಮೀರಾ ಒಂದು ಹೆಜ್ಜೆ ಮುಂದಿಟ್ಟು ತಡೆದು ನಿಂತಳು. ನೆಟ್ಟವಳಾದ್ದರಿಂದ ಅವಳು ಅಡ್ಡ ಬರುವಂತಿರಲಿಲ್ಲ.

ಅಡ್ಡ ಬಂದವಳು ಲುಸಿಮಾರ್. ಕೈಯಲ್ಲಿದ್ದ ಜೋಳದ ಪಾಯಸದ ಬಟ್ಟಲನ್ನು ಯಾರದೋ ಮಡಿಲಿಗೆ ತುರುಕಿ ಓಡಿ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು. "ನಾನು ಜಾಮೀನು. ಬರೋ ಮಳೆಗಾಲ ಮುಗಿಯೋವರೆಗೂ ಯಾರೂ ಮುಟ್ಟಂಗಿಲ್ಲ. ನೀನು ಆ ಕೊಡಲಿ ಕೆಳಗಿಡು, ಕೋತಿ."

"ನಂಗೇನ್ ಗೊತ್ತು, ಇವ್ರೆಲ್ಲ ಕಡಿ ಅಂದ್ರು," ಅಂದ ವಾಂದರ್ಲೆ ಬೆಪ್ಪಾಗಿ. ಅವನ ಮುಖ ನೋಡಿ ಆರ್ಲಿಂದೊಗೆ ನಗು ತಡೆಯದೆ ಕೆಮ್ಮು ಹತ್ತಿತು, ಅವನನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೆ ಇದ್ದವರು ಇಬ್ಬರೇ. ಬೆಲ್ಮೀರಾ ಬೆಂಕಿ ಹಚ್ಚುವ ಮೊದಲೇ ಒಳಗೆ ಹೋದಳು, ಕುಸ್ತೋಡಿಯಾ ತನ್ನ ಮನೆಗೆ ಹೋದಳು. ಅವತ್ತಿನಿಂದ ಅವರಿಬ್ಬರ ಮಾತು ನಿಂತಿತು.

ಕೊಮಾದ್ರೆಯರು ಜಗಳ ಕಾದುಕೊಂಡೇ ಸತ್ತರೆ ಎರಡು ಬೆಂಕಿ ಉಂಡೆಗಳಾಗಿ ಹೊಳೆಯ ಮೇಲೆ ಒಂದನ್ನೊಂದು ಅಟ್ಟಾಡಿಸಿಕೊಂಡು ಹಾರುತ್ತಿರುತ್ತಾರೆ ಎಂದು ನಮ್ಮಲ್ಲಿ ನಂಬಿಕೆ. "ಒಳ್ಳೇದಾಯ್ತು, ಬೀದಿ ದೀಪ ಕೆಟ್ಟಿದೆ," ಅನ್ನುತ್ತಿದ್ದ ಆರ್ಲಿಂದೊ. ಮಾತು ನಿಂತರೂ ತಟ್ಟೆ ನಿಲ್ಲಲಿಲ್ಲ, ಅದೇ ತಮಾಷೆ. ಕುಸ್ತೋಡಿಯಾ ಬಿಸಿ ಚೀಸ್ ರೊಟ್ಟಿಯ ತಟ್ಟೆಯನ್ನು ಗೋಡೆಯ ಮೇಲಿಟ್ಟು, ಕೆಮ್ಮಿ, ಬೆನ್ನು ತಿರುಗಿಸಿ ಹೋಗುವಳು. ಬಂದ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವುದು ಅವಮಾನ. ಹಾಗಾಗಿ ಬೆಲ್ಮೀರಾ ಅದಕ್ಕೆ ಜಬುತಿಕಾಬ ತುಂಬಿಸಿ ಗೋಡೆಯ ಮೇಲಿಟ್ಟು, ಅವಳೂ ಕೆಮ್ಮಿ ಬರುವಳು. ಹೊಸ ಗ್ರುಮಿಶಾಮ ಹಣ್ಣಾದಾಗ ತಟ್ಟೆ ಗೋಡೆ ದಾಟಿ ಹೋಯಿತು, ತೀರ್ಪು ಮಾತ್ರ ಬರಲಿಲ್ಲ. ಬೆಲ್ಮೀರಾ ಮರದಲ್ಲಿ ಉಳಿದ ಹಣ್ಣುಗಳನ್ನು ತಾನೇ ತಿಂದಳು. ಹಣ್ಣು ಚೆನ್ನಾಗಿಯೇ ಇತ್ತು, ತಿಂದ ಹಾಗೆ ಮಾತ್ರ ಆಗಲಿಲ್ಲ.

ನವೆಂಬರ್ ಮಳೆ ಬಿದ್ದ ವಾರದಲ್ಲಿ ಒಂದು ಬೆಳಿಗ್ಗೆ ಅವಳು ಕಾಫಿ ಗಸಿ ಚೆಲ್ಲಲು ಹಿತ್ತಲಿಗೆ ಹೋದಾಗ ಕಂಬುಕಾದ ಕಾಂಡಕ್ಕೆ ಯಾರೋ ಹತ್ತಿ ಅಂಟಿಸಿದಂತಿತ್ತು. ಹತ್ತಿರ ಹೋದರೆ ಹೂವು. ಬೆಲ್ಮೀರಾ ಅಲ್ಲೇ ಕೂತು ಗಟ್ಟಿಯಾಗಿ ನಕ್ಕಳು, ಆಮೇಲೆ ಮಗಳನ್ನು ಕೂಗಿದಳು, ಆಮೇಲೆ ಇಡೀ ಬೀದಿಯನ್ನು ಕೂಗಿದಳು. ಬಂದವರಲ್ಲಿ ವಾದ ಹುಟ್ಟಿತು. ಜಾಮೀನು ನಿಲ್ಲುವವರೇ ಇಲ್ಲವೆಂದು ಮರ ಈ ಸಲ ನಿಜಕ್ಕೂ ಹೆದರಿದೆ ಎಂದರು ಕೆಲವರು. ಏಟು ಬಿದ್ದದ್ದರಿಂದ ರಸ ಕೆಳಗಿಳಿಯದೆ ಹೂವಾಯಿತು ಎಂದರು ಇನ್ನು ಕೆಲವರು. ಅದಕ್ಕೆ ಹಣ್ಣು ಬಿಡುವ ವಯಸ್ಸು ಬಂದಿತ್ತು ಅಷ್ಟೇ ಎಂದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಂದರ್ಲೆಗೆ ಮಾತ್ರ ಒಂದೇ ದಿನದಲ್ಲಿ ಮರ್ಯಾದೆ ಏರಿತು. ಬೀದಿಯ ಮೂರು ಮನೆಯವರು ತಮ್ಮ ಬಂಜೆ ಮರಗಳಿಗೂ ಒಂದೊಂದು ಏಟು ಹಾಕಿಕೊಡು ಎಂದು ಅವನನ್ನು ಕರೆದರು. ಇಷ್ಟೆಲ್ಲ ಗದ್ದಲದಲ್ಲೂ ಬೆಲ್ಮೀರಾ ಪದೇ ಪದೇ ಗೋಡೆಯ ಕಡೆ ನೋಡುತ್ತಿದ್ದಳು. ಕುಸ್ತೋಡಿಯಾ ಗೋಡೆಯಾಚೆ ನಿಂತು ನೋಡಿ ಒಳಗೆ ಹೋದಳು.

ಹೂವಿನಲ್ಲಿ ಅರ್ಧ ಆಲಿಕಲ್ಲಿಗೆ ಹೋಯಿತು, ಮಿಡಿಯಲ್ಲಿ ಅರ್ಧ ಹಕ್ಕಿಗಳಿಗೆ. ಉಳಿದ ಏಳೋ ಎಂಟೋ ಕಾಯಿಗಳಿಗೆ ಬೆಲ್ಮೀರಾ ಮಗಳ ಹಳೇ ಕಾಲುಚೀಲ ತೊಡಿಸಿದಳು. ಪ್ರತಿ ಬೆಳಿಗ್ಗೆ ಕಾಲುಚೀಲ ಸರಿಸಿ ನೋಡುವುದು, ಮತ್ತೆ ತೊಡಿಸುವುದು. ಫೆಬ್ರವರಿ ಮುಗಿಯುತ್ತಿದ್ದಂತೆ ಕಾಯಿಗಳು ಹಸಿರು ಬಿಟ್ಟು ಹಳದಿಗೆ ತಿರುಗಿದವು. ಅತ್ತ ಮಳೆಯೂ ಕಡಿಮೆಯಾಗುತ್ತ ಬಂತು. ವಾಂದರ್ಲೆ ಇಟ್ಟಿಗೆಯವನ ಹತ್ತಿರ ಮಾತಾಡಲೇ, ಬೇಡವೇ ಎಂದು ಲುಸಿಮಾರ್‌ಳ ಕಿವಿಯಲ್ಲಿ ಕೇಳಿದ್ದು ಬೆಲ್ಮೀರಾಗೂ ಕೇಳಿಸಿತ್ತು.

ಇನ್ನು ಕಾಯಲಾರೆ ಎಂದು ಅವಳು ಒಂದು ಬೆಳಿಗ್ಗೆ, ಮಗಳು ಏಳುವ ಮೊದಲು, ಎಲ್ಲಕ್ಕಿಂತ ಹಳದಿಯಾದ ಹಣ್ಣನ್ನು ಹಿಡಿದು ತಿರುಚಿದಳು. ಅದು ಬರಲೊಲ್ಲದೆ ಬಂತು. ಲಂಗಕ್ಕೆ ಒರೆಸಿಕೊಂಡಳು, ಶಿಲುಬೆಯ ಗುರುತು ಹಾಕಿಕೊಂಡಳು, ಕಚ್ಚಿದಳು.

ಬಾಯೆಲ್ಲ ಒಗರು. ಹಲ್ಲು ಚುಳ್ಳೆಂದಿತು, ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡಿತು. ಬೆಲ್ಮೀರಾ ಉಗುಳಿದಳು. ಇನ್ನೊಂದು ಕಡೆಯಿಂದ ಕಚ್ಚಿ ನೋಡಿದಳು, ಅದೂ ಅದೇ. ಹದಿನಾರು ವರ್ಷ ಇದಕ್ಕಾಗಿ ನೀರು ಹಾಕಿದೆನೇ? ಇದಕ್ಕಾಗಿ ಮಗಳನ್ನು ಬಾಡಿಗೆ ಮನೆ ಹುಡುಕಲು ಬಿಟ್ಟೆನೇ, ಇದಕ್ಕಾಗಿ ಕೊಮಾದ್ರೆಯ ಮಾತು ಬಿಟ್ಟೆನೇ ಎಂದುಕೊಂಡಳು. ನೇರ ಸೌದೆಮನೆಗೆ ಹೋಗಿ ಕೊಡಲಿ ತಂದಳು. ಗದ್ದಲಕ್ಕೆ ಎದ್ದು ಬಂದ ಲುಸಿಮಾರ್ ಬಾಗಿಲಲ್ಲೇ ನಿಂತಳು.

"ಅಮ್ಮ, ಏನ್ ಮಾಡ್ತಿದ್ದೀಯ?"

"ನಿನ್ ಜಾಮೀನು ಮುಗೀತು ಕಣೇ. ಹಣ್ಣು ಬಂತು, ಅದರ ಯೋಗ್ಯತೇನೂ ಗೊತ್ತಾಯ್ತು. ವಾಂದರ್ಲೆಗೆ ಹೇಳು, ಇಟ್ಟಿಗೆ ತರ್ಸಲಿ. ನೀನು ಇಲ್ಲೇ ಇರು. ನಂಗೆ ಅಷ್ಟು ಸಾಕು."

ಅವಳು ಕೊಡಲಿ ಎತ್ತಿದಳು. ಆಟವಾಗಿದ್ದರೆ ಬೈಗುಳ ಇರುತ್ತಿತ್ತು. ಅವಳು ಮರವನ್ನು ಬೈಯಲೇ ಇಲ್ಲ, ಅದನ್ನು ಕಂಡೇ ಲುಸಿಮಾರ್‌ಗೆ ಗಾಬರಿಯಾದದ್ದು.

"ಮುಟ್ಟಿದ್ರೆ ನೋಡು."

ಧ್ವನಿ ಮೇಲಿನಿಂದ ಬಂತು. ಕುಸ್ತೋಡಿಯಾಳ ಮನೆಯದು ಸಿಮೆಂಟಿನ ಚಾವಣಿ, ಬಟ್ಟೆ ಒಣಗಿಸುವುದು ಅಲ್ಲೇ. ಒದ್ದೆ ದುಪ್ಪಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಚಿಗೆ ಬಂದು ನಿಂತಿದ್ದಳು.

"ಮಾತು ಬಿಟ್ಟೋಳು ಯಾಕ್ ಮಾತಾಡ್ತಿದ್ದೀಯ?" ಕೊಡಲಿ ಇಳಿಸದೆಯೇ ಕೇಳಿದಳು ಬೆಲ್ಮೀರಾ.

"ನಿನ್ ಹತ್ರ ಯಾರ್ ಮಾತಾಡಿದ್ರು? ಮರದ ಹತ್ರ ಮಾತಾಡ್ತಿದೀನಿ."

"ಹಂಗಾದ್ರೆ ಅದಕ್ಕೇ ಹೇಳು, ಈ ಒಗರು ತಿನ್ನೋಕೆ ಯಾರೂ ಹುಟ್ಟಿಲ್ಲ ಅಂತ."

"ಹಳದಿ ಇರುವಾಗ ಕಿತ್ತಿದ್ದೀಯಲ್ಲೇ ಪೆದ್ದಿ. ಇಷ್ಟು ಮರ ಸಾಕಿದೋಳಿಗೆ ಅಷ್ಟೂ ಗೊತ್ತಾಗಲ್ವಾ? ಅದು ಸಿಹಿಗುಂಬಳದ ಮಿಠಾಯಿ ಬಣ್ಣಕ್ಕೆ ಬರಬೇಕು. ಎಳೀಬಾರದು. ಕೈ ಒಡ್ಡಿದ್ರೆ ತಾನಾಗೇ ಬಂದು ಕೂರಬೇಕು. ಆರ್ಲಿಂದೊ ತಂದಿದ್ದು ಹಂಗಿತ್ತು."

ಬೆಲ್ಮೀರಾ ಕಾಲುಚೀಲ ತೊಟ್ಟು ನೇತಾಡುತ್ತಿದ್ದ ಉಳಿದ ಹಣ್ಣುಗಳ ಕಡೆ ನೋಡಿದಳು. ಊರಿಗೆಲ್ಲ ಹಣ್ಣಿನ ಪಾಠ ಹೇಳುವವಳು, ಈ ಒಂದು ಹಣ್ಣಿನ ಬಗ್ಗೆ ಅವಳಿಗೆ ಏನೂ ತಿಳಿದಿರಲಿಲ್ಲ. ತಿಳಿದವಳು ಇಡೀ ಊರಿಗೆ ಒಬ್ಬಳೇ, ಅವಳನ್ನು ಕೇಳಬಹುದಿತ್ತು. ಕೇಳಿರಲಿಲ್ಲ.

"ಎಷ್ಟು ದಿನ ಬೇಕು ಅದಕ್ಕೆ?" ಅಂದಳು ಸಣ್ಣ ದನಿಯಲ್ಲಿ. "ಮಳೆ ನಿಂತೋಯ್ತು. ಹುಡುಗರು ಪಾಯ ತೋಡ್ಬೇಕು. ಮರ ಇದ್ರೆ ರೂಮೆಲ್ಲಿ?"

"ನಾನು ಜಾಮೀನು."

"ಬಾಯಿಮಾತಿನ ಜಾಮೀನು ಬೇಡ ಅಂದೋಳು ನೀನೇ."

"ಬಾಯಿಮಾತಲ್ಲ," ಅಂದಳು ಕುಸ್ತೋಡಿಯಾ. ಹವಾಯಿ ಚಪ್ಪಲಿಯ ಕಾಲನ್ನೆತ್ತಿ ಚಾವಣಿಯನ್ನು ಧಪ್ಪೆಂದು ಮೆಟ್ಟಿದಳು. "ಇದನ್ನ ಇಟ್ಟಿದೀನಿ. ಲುಸಿಮಾರ್ ಇಲ್ಲಿ ಕಟ್ಟಿಸ್ಕೊಳ್ಳಲಿ. ಕೋಣೆ, ಅಡುಗೆಮನೆ, ಬೇಕಾದ್ರೆ ಮುಂದೆ ಒಂದು ಜಗುಲಿ. ಆರ್ಲಿಂದೊಗೆ ಹೇಳಾಗಿದೆ."

ಬೆಲ್ಮೀರಾ ಕೊಡಲಿಯನ್ನು ನೆಲಕ್ಕೆ ಊರಿ ಅದರ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಹೇಳಬೇಕಾದ ಮಾತು ನೂರಿದ್ದವು, ಬಾಯಿಗೆ ಬಂದದ್ದು ಒಂದೇ.

"ಬಟ್ಟೆ ಎಲ್ಲಿ ಒಣಗಿಸ್ತೀಯ?"

"ನಿನ್ ಹಿತ್ತಲಲ್ಲಿ. ಮರದಿಂದ ಮರಕ್ಕೆ ಹಗ್ಗ ಕಟ್ಕೋತೀನಿ."

"ಹಕ್ಕಿ ಹಿಕ್ಕೆ ಹಾಕುತ್ತೆ."

"ಹಾಕ್ಲಿ. ಮತ್ತೆ ಒಗೀತೀನಿ."

"ಹಬ್ಬದ ದಿನಾನೇ ಹೇಳೋದಕ್ಕೇನಾಗಿತ್ತೇ ನಿಂಗೆ?"

"ಅವತ್ತು ಹೊಳೆದಿರ್ಲಿಲ್ಲ. ಮನೆಗೆ ಹೋಗಿ ಮಲಗಿ ಮೇಲೆ ನೋಡ್ತೀನಿ, ಚಾವಣಿ. ಆಮೇಲೆ ನೀನು ಬಂದು ಕೇಳ್ಲಿ ಅಂತ ಕಾದೆ."

"ನಿನ್ ಚಾವಣೀನ ನಾನು ಯಾವ ಬಾಯಲ್ಲಿ ಕೇಳ್ಲಿ?" ಎಂದು ಬೆಲ್ಮೀರಾ ಅಳಲಿಕ್ಕೆ ಹತ್ತಿದಳು. ಅಳುತ್ತಲೇ, "ಇಳಿದು ಬಾರೇ, ಮೇಲೆ ನಿಂತು ಬಿಷಪ್ಪನ ಥರ ಭಾಷಣ ಮಾಡ್ತಾಳೆ," ಅಂದಳು.

ಕುಸ್ತೋಡಿಯಾ ಇಳಿದು ಬಂದಳು. ಲುಸಿಮಾರ್ ಓಡಿ ಹೋಗಿ ಜ್ಞಾನತಾಯಿಯ ಕೈಗೆ ಮುತ್ತಿಟ್ಟು ಆಶೀರ್ವಾದ ಕೇಳಿದಳು. ಅವಳು ತಲೆಯ ಮೇಲೆ ಕೈಯಿಟ್ಟು, "ದೇವರು ಒಳ್ಳೇದ್ ಮಾಡ್ಲಿ. ಕುಣಿಯೋದಿದ್ರೆ ಸೋಮವಾರ ಬಿಟ್ಟು ಕುಣೀರಿ, ಸೋಮವಾರ ನಾನು ಹಗಲು ಮಲಗೋದು," ಅಂದಳು. ಲುಸಿಮಾರ್ ಕಿವಿಯವರೆಗೂ ಕೆಂಪಾದಳು.

ಮಾರನೆಯ ವಾರ ಬೀದಿಯವರೆಲ್ಲ ಸೇರಿ ಚಾವಣಿಗೆ ಇಟ್ಟಿಗೆ ಸಾಗಿಸಿದರು. ಕೆಳಗೆ ಬೆಲ್ಮೀರಾ ದೊಡ್ಡ ಹಂಡೆಯಲ್ಲಿ ಕರಿಕಾಳು, ಹಂದಿಮಾಂಸ ಬೇಯಿಸಿದಳು, ಶಾಲೆಯಲ್ಲಿ ಬಡಿಸುತ್ತಿದ್ದ ಅದೇ ಗತ್ತಿನಲ್ಲಿ ಸಾಲು ನಿಲ್ಲಿಸಿ ಬಡಿಸಿದಳು. ಹಣ್ಣುಗಳ ಕಾವಲು ಈಗ ಇಬ್ಬರದು. ಕುಸ್ತೋಡಿಯಾ ದಿನವೂ ಬಂದು ಕಾಲುಚೀಲ ಸರಿಸಿ, "ಇನ್ನೂ ಇಲ್ಲ," ಅನ್ನುವಳು, ಬೆಲ್ಮೀರಾ ಸುಮ್ಮನೆ ತಲೆಯಾಡಿಸುವಳು. ಅವಳು ಹಾಗೆ ಇನ್ನೊಬ್ಬರ ಮಾತು ಕೇಳಿಕೊಂಡು ನಿಂತದ್ದನ್ನು ನಾವ್ಯಾರೂ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಈಸ್ಟರಿಗೆ ಮುಂಚಿನ ಒಂದು ಮಧ್ಯಾಹ್ನ ಕುಸ್ತೋಡಿಯಾ ಕೆಳಗಿನ ಕೊಂಬೆಯ ಹಣ್ಣಿನಡಿ ಅಂಗೈ ಒಡ್ಡಿದಳು. ಅದು ಬಂದು ಕೂತಿತು. ಸಿಹಿಗುಂಬಳದ ಮಿಠಾಯಿಯದೇ ಬಣ್ಣ, ಬಿಸಿಲಿಗೆ ಬೆಚ್ಚಗಾಗಿತ್ತು. ಸಿಮೆಂಟು ಮೆತ್ತಿದ ಕೈಯಲ್ಲೇ ವಾಂದರ್ಲೆ ಇಳಿದು ಬಂದ, ಆರ್ಲಿಂದೊ ಬಂದ, ಲುಸಿಮಾರ್ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು.

"ಮೊದಲ ಹಣ್ಣು ಜಾಮೀನು ನಿಂತೋರದ್ದು. ಪದ್ಧತಿ ಅಂದ್ರೆ ಪದ್ಧತಿ. ತಿನ್ನು," ಅಂದಳು ಬೆಲ್ಮೀರಾ. ಅವಳ ಕಣ್ಣು ಹಣ್ಣಿನ ಮೇಲಿಂದ ಕದಲುತ್ತಿರಲಿಲ್ಲ.

"ನಂದೇ ತಾನೆ ಇದು?"

"ನಿಂದೇ."

"ನಂದಾದ್ಮೇಲೆ ಯಾರ ಬಾಯಿಗೆ ಹಾಕ್ಬೇಕು ಅನ್ನೋದು ನನ್ನಿಷ್ಟ," ಎಂದು ಕುಸ್ತೋಡಿಯಾ ಸಿಪ್ಪೆಯನ್ನು ಉಗುರಿನಿಂದ ಸೀಳಿ, ಹಣ್ಣನ್ನು ಇಡಿಯಾಗಿ ಬೆಲ್ಮೀರಾಳ ಬಾಯಿಗೆ ಒತ್ತಿದಳು.

ರಸ ಗದ್ದದ ಮೇಲೆ ಇಳಿದು ಕುತ್ತಿಗೆಗೆ ಬಂತು, ಅವಳು ಒರೆಸಿಕೊಳ್ಳಲಿಲ್ಲ. ಮೊದಲು ಹುಳಿ ಬಂತು, ಅದರ ಬೆನ್ನಿಗೇ ಸಿಹಿ ಬಂತು, ಆಮೇಲೆ ಎರಡೂ ಕೂಡಿ ಬೇರೆ ಏನೋ ಆಯಿತು. ಅದು ಮಾವಲ್ಲ, ಪರಂಗಿಯಲ್ಲ, ಅವಳು ಆವರೆಗೆ ತಿಂದ ಯಾವುದೂ ಅಲ್ಲ. ಬೆಲ್ಮೀರಾ ಕಣ್ಣು ಮುಚ್ಚಿ ನಿಂತೇ ಇದ್ದಳು. ಉಳಿದವರು ಅವಳ ಬಾಯನ್ನೇ ನೋಡುತ್ತ ನಿಂತಿದ್ದರು.

"ಹೆಂಗಿದೆಯೇ? ಏನಾದ್ರೂ ಹೇಳು," ಅಂದಳು ಕುಸ್ತೋಡಿಯಾ.

"ಇಷ್ಟು ವರ್ಷ ನೀನು ಹೇಳಿದ್ದೆಲ್ಲ ಸುಳ್ಳು ಕೊಮಾದ್ರೆ."

ಕುಸ್ತೋಡಿಯಾಳ ಮುಖ ಸಣ್ಣಗಾಯಿತು. "ಚೆನ್ನಾಗಿಲ್ವಾ?"

"ನೀನು ಹೇಳಿದ್ದಕ್ಕಿಂತ ಚೆನ್ನಾಗಿದೆ," ಎಂದು ಬೆಲ್ಮೀರಾ ಅವಳ ಕೈ ಹಿಡಿದು ಇನ್ನೊಂದು ಹಣ್ಣಿನ ಕೆಳಗೆ ಒಡ್ಡಿದಳು. ಆ ಹಣ್ಣು ಇನ್ನೂ ಕೊಂಬೆ ಬಿಡಲಿಲ್ಲ. ಇಬ್ಬರೂ ಹಾಗೇ ಕೈ ಒಡ್ಡಿಕೊಂಡು ನಿಂತರು.